ಯುವರ್ಸ್ ಒಬೀಡಿಯಂಟ್ಲಿ: ಇಂಗ್ಲಿಷ್ ಪತ್ರದ ಕೆಳಗಿನ ಆ ಸಾಲಿನ ಕಥೆ

 

ಇವತ್ತು ಒಂದು ಸಣ್ಣ ಪರೀಕ್ಷೆಯಿಂದ ಶುರು ಮಾಡೋಣ. ನಾನು ಅರ್ಧ ವಾಕ್ಯ ಹೇಳ್ತೀನಿ, ಉಳಿದರ್ಧ ನೀವು ಮನಸ್ಸಲ್ಲೇ ಪೂರ್ತಿ ಮಾಡಿ. "ವಿತ್ ರೆಫರೆನ್ಸ್ ಟು ದಿ ಅಬೌ..." "ಆಸ್ ಐ ಆಮ್ ಸಫರಿಂಗ್ ಫ್ರಮ್..." "ಕೈಂಡ್ಲಿ ಡು ದಿ..." ಆಯ್ತಲ್ವಾ? ಯಾರೂ ಯೋಚನೆ ಮಾಡಲೇ ಇಲ್ಲ, ಬಾಯಿಪಾಠ ಬಂದ್ಬಿಡ್ತು. ಈಗ ಪತ್ರದ ಕೊನೆಗೆ ಬನ್ನಿ. "ಥ್ಯಾಂಕಿಂಗ್ ಯು" ಅಂತ ಒಂದು ಸಾಲು. ಅದರ ಕೆಳಗೆ ಬಲಗಡೆ "ಯುವರ್ಸ್ ಒಬೀಡಿಯಂಟ್ಲಿ". ಅದರ ಕೆಳಗೆ ನಿಮ್ಮ ಹೆಸರು.

ಒಬೀಡಿಯಂಟ್ಲಿ ಅಂದ್ರೆ ವಿಧೇಯನಾಗಿ. ಹೇಳಿದ ಹಾಗೆ ಕೇಳಿಕೊಂಡು ಇರೋನು ಅಂತ. ಎರಡು ದಿನ ಜ್ವರದ ರಜೆ ಕೇಳೋದಕ್ಕೆ, ಬ್ಯಾಂಕು ತಪ್ಪಾಗಿ ಕತ್ತರಿಸಿದ ದುಡ್ಡು ವಾಪಸ್ ಕೇಳೋದಕ್ಕೆ, ನಮ್ಮದೇ ಅಡ್ವಾನ್ಸ್ ಕೊಡಿ ಅಂತ ಮನೆ ಮಾಲೀಕರನ್ನು ಕೇಳೋದಕ್ಕೆ ನಾವು ಯಾಕೆ ವಿಧೇಯರಾಗಬೇಕು? ಈ ಅಭ್ಯಾಸ ಎಲ್ಲಿಂದ ಬಂತು? ನಮಗಿಂತ ಮುಂಚೆ ಅದೇ ಸಾಲಿನ ಕೆಳಗೆ ಸಹಿ ಹಾಕಿದವರು ಯಾರು? ಇವತ್ತಿನ ಸಂಚಿಕೆ ಇದರ ಮೇಲೆ.

ಬಿ.ಕಾಂ. ಓದಿದೋರಿಗೆಲ್ಲ ಬಿಸಿನೆಸ್ ಪತ್ರದ ಪಾಠ ನೆನಪಿರುತ್ತೆ. ವಿಳಾಸ ಎಡಗಡೆಗೋ ಬಲಗಡೆಗೋ, ದಿನಾಂಕದ ಮುಂದೆ ಕಾಮಾ ಬೇಕೋ ಬೇಡವೋ, ಇದಕ್ಕೆಲ್ಲ ಮಾರ್ಕ್ಸ್ ಇರ್ತಿತ್ತು. ಈ ನಿಯಮಗಳನ್ನು ಯಾರು ಮಾಡಿದ್ದು ಅನ್ನೋ ಪ್ರಶ್ನೆ ಮಾತ್ರ ಸಿಲಬಸ್‌ನಲ್ಲಿ ಇರಲಿಲ್ಲ. ಉತ್ತರ ಹುಡುಕ್ತಾ ಹೋದ್ರೆ ಸುಮಾರು 900 ವರ್ಷ ಹಿಂದಕ್ಕೆ ಹೋಗ್ಬೇಕು.

ಐದು ಭಾಗದ ಅಸ್ಥಿಪಂಜರ

ಇಂಗ್ಲಿಷ್ ಪತ್ರದ ಬೇರು ಇಂಗ್ಲೆಂಡಿನಲ್ಲಿಲ್ಲ, ಇಟಲಿಯಲ್ಲಿದೆ. 12ನೇ ಶತಮಾನದ ಬೊಲೋನ್ಯ ನಗರದಲ್ಲಿ ಪತ್ರ ಬರೆಯೋದನ್ನೇ ಒಂದು ವಿದ್ಯೆಯಾಗಿ ಕಲಿಸುತ್ತಿದ್ದರು. ಲ್ಯಾಟಿನ್‌ನಲ್ಲಿ ಅದರ ಹೆಸರು ಆರ್ಸ್ ಡಿಕ್ಟಾಮಿನಿಸ್. ರಾಜರ ಆಸ್ಥಾನಕ್ಕೆ, ಚರ್ಚಿನ ಕಚೇರಿಗಳಿಗೆ ಪತ್ರ ಬರೆಯಬಲ್ಲ ಗುಮಾಸ್ತರು ಬೇಕಾಗಿದ್ದರು. ಅವರಿಗಾಗಿ 1135ರ ಹೊತ್ತಿಗೆ ಅಲ್ಲಿ ಒಂದು ಕೈಪಿಡಿ ಬಂತು. ಬರೆದವರ ಹೆಸರು ಉಳಿದಿಲ್ಲ. ಅದರ ಪ್ರಕಾರ ಪತ್ರಕ್ಕೆ ಐದು ಭಾಗ. ಒಂದು, ವಂದನೆ. ಎರಡು, ಓದುವವರ ಮನಸ್ಸು ಒಲಿಸಿಕೊಳ್ಳೋದು. ಮೂರು, ನಡೆದ ಸಂಗತಿ. ನಾಲ್ಕು, ಬೇಡಿಕೆ. ಐದು, ಮುಕ್ತಾಯ.

ಈಗ ನಿಮ್ಮ ಶಾಲೆಯ ರಜಾ ಚೀಟಿ ನೆನಪಿಸಿಕೊಳ್ಳಿ. "ರೆಸ್ಪೆಕ್ಟೆಡ್ ಸರ್" ವಂದನೆ. "ಐ ಆಮ್ ಸಫರಿಂಗ್ ಫ್ರಮ್ ಫೀವರ್" ಸಂಗತಿ. "ಗ್ರಾಂಟ್ ಮಿ ಲೀವ್" ಬೇಡಿಕೆ. "ಥ್ಯಾಂಕಿಂಗ್ ಯು" ಮುಕ್ತಾಯ. ಹೆಚ್ಚೂಕಡಿಮೆ ಅದೇ ಅಸ್ಥಿಪಂಜರ! ಮಧ್ಯದಲ್ಲಿ ಮನಸ್ಸು ಒಲಿಸುವ ಭಾಗ ಒಂದನ್ನು ನಾವು "ಕೈಂಡ್ಲಿ"ಯಲ್ಲಿ ಮುಗಿಸಿಬಿಡ್ತೀವಿ.

ಆದರೆ ಆ ಗುರುಗಳು ಅತಿ ಹೆಚ್ಚು ತಲೆ ಕೆಡಿಸಿಕೊಂಡಿದ್ದು ಬೇಡಿಕೆಯ ಬಗ್ಗೆ ಅಲ್ಲ, ವಂದನೆಯ ಬಗ್ಗೆ. ಯಾರು ದೊಡ್ಡವರು, ಯಾರು ಚಿಕ್ಕವರು? ದೊಡ್ಡವರ ಹೆಸರು ಮೊದಲು ಬರಬೇಕು. ಬಿಷಪ್‌ಗೆ ಬರೆಯುವಾಗ ಒಂದು ವಿಶೇಷಣ, ಸೈನಿಕನಿಗೆ ಬರೆಯುವಾಗ ಇನ್ನೊಂದು. ಪತ್ರದ ಮೊದಲ ಸಾಲು ಓದಿದ ಕೂಡಲೇ ಬರೆದವನು ಸಮಾಜದ ಯಾವ ಮೆಟ್ಟಿಲ ಮೇಲೆ ನಿಂತಿದ್ದಾನೆ ಅಂತ ಗೊತ್ತಾಗಬೇಕು.

1568ರಲ್ಲಿ ವಿಲಿಯಂ ಫುಲ್‌ವುಡ್ ಅನ್ನೋರು ಇದೇ ವಿದ್ಯೆಯನ್ನು ಇಂಗ್ಲಿಷಿಗೆ ತಂದರು. ಬಹುಪಾಲು ಫ್ರೆಂಚ್‌ನಿಂದ ತೆಗೆದುಕೊಂಡಿದ್ದು. ಪುಸ್ತಕದ ಹೆಸರು ಕೇಳಿ: 'ದಿ ಎನಿಮಿ ಆಫ್ ಐಡಲ್‌ನೆಸ್', ಸೋಮಾರಿತನದ ಶತ್ರು. ಇಂಗ್ಲಿಷ್ ಭಾಷೆಯ ಮೊದಲ ಪತ್ರಲೇಖನ ಕೈಪಿಡಿ ಅಂತ ಇದನ್ನೇ ಗುರುತಿಸ್ತಾರೆ. ಫುಲ್‌ವುಡ್ ಪ್ರಕಾರ ಲೋಕದಲ್ಲಿ ಇರೋದು ಮೂರೇ ಥರದ ಜನ. ನಮಗಿಂತ ಮೇಲಿನವರು, ನಮ್ಮ ಸಮಾನರು, ನಮಗಿಂತ ಕೆಳಗಿನವರು. ಮೇಲಿನವರಿಗೆ ಬರೆಯುವಾಗ ಸಹಿ ಎಲ್ಲಿರಬೇಕು ಗೊತ್ತಾ? ಕಾಗದದ ತೀರಾ ಕೆಳಗೆ, ಬಲಮೂಲೆಯಲ್ಲಿ. ಜೊತೆಗೆ "ನಿಮ್ಮ ಅತಿ ವಿನಮ್ರ, ವಿಧೇಯ ಸೇವಕ" ಅನ್ನೋ ಅರ್ಥದ ಒಕ್ಕಣೆ. ಸಮಾನರಿಗಾದರೆ ಕಾಗದದ ನಡುವೆ, "ನಿಮ್ಮ ನಂಬಿಕೆಯ ಗೆಳೆಯ" ಅಂತ. ಕೆಳಗಿನವರಿಗಾದರೆ ಎಡಗಡೆ, ಮೇಲಕ್ಕೆ. ಉಪಚಾರವೂ ಜಾಸ್ತಿ ಬೇಕಿಲ್ಲ, ಒಂದೆರಡು ಪದ ಸಾಕು.

ಅಂದ್ರೆ ಕಾಗದ ಅನ್ನೋದು ಬರೀ ಕಾಗದ ಅಲ್ಲ, ಒಂದು ದರ್ಬಾರ್ ಹಾಲ್. ಎಲ್ಲಿ ನಿಲ್ಲಬೇಕು, ಎಷ್ಟು ಬಗ್ಗಬೇಕು, ಎಲ್ಲಾ ನಿಗದಿ. ನಮ್ಮ ರಜಾ ಚೀಟಿಯಲ್ಲಿ ವಿಧೇಯ ವಿದ್ಯಾರ್ಥಿ ನಿಲ್ಲೋ ಜಾಗವೂ ಅದೇ ನೋಡಿ, ಕೆಳಗಡೆ ಬಲಮೂಲೆ.

ಪ್ರೇಮಪತ್ರ ಬರೆದುಕೊಡುತ್ತಿದ್ದ ಹುಡುಗ

ಇಲ್ಲಿಯವರೆಗೆ ಪತ್ರ ಅನ್ನೋದು ದೊಡ್ಡವರ ಸಮಾಚಾರ. ಜನಸಾಮಾನ್ಯರ ಪತ್ರಕ್ಕೆ ಕೈ ಹಾಕಿದ ಮನುಷ್ಯ ಸ್ಯಾಮ್ಯುಯೆಲ್ ರಿಚರ್ಡ್‌ಸನ್. ಬಡಗಿಯೊಬ್ಬರ ಮಗ. 13 ವರ್ಷದ ಆಸುಪಾಸಿನಲ್ಲೇ ಅಕ್ಕಪಕ್ಕದ ಮನೆಯ ಹುಡುಗಿಯರಿಗೆ ಅವರ ಪ್ರೇಮಪತ್ರಗಳ ಉತ್ತರ ಬರೆದುಕೊಡುತ್ತಿದ್ದೆ ಅಂತ ಅವರೇ ಮುಂದೆ ಹೇಳಿಕೊಂಡಿದ್ದಾರೆ. ದೊಡ್ಡವರಾದ ಮೇಲೆ ಲಂಡನ್‌ನಲ್ಲಿ ಮುದ್ರಣಾಲಯ ಇಟ್ಟರು. ರಿವಿಂಗ್ಟನ್ ಮತ್ತು ಆಸ್ಬರ್ನ್ ಅನ್ನೋ ಇಬ್ಬರು ಪುಸ್ತಕ ವ್ಯಾಪಾರಿಗಳು ಅವರ ಹತ್ತಿರ ಬಂದು, ಸ್ವಂತವಾಗಿ ಬರೆಯೋಕೆ ಬಾರದ ಹಳ್ಳಿ ಕಡೆಯ ಓದುಗರಿಗೆ ಅಂತ ಒಂದು ಮಾದರಿ ಪತ್ರಗಳ ಪುಸ್ತಕ ಮಾಡಿಕೊಡಿ ಅಂದರು.

1741ರಲ್ಲಿ ಆ ಪುಸ್ತಕ ಬಂತು. ಅದರಲ್ಲಿ 173 ಪತ್ರಗಳಿದ್ದವು. ಬಾಡಿಗೆ ಕಟ್ಟೋಕೆ ತಡವಾದ ಒಕ್ಕಲಿಗ ಜಮೀನಿನ ಒಡೆಯನಿಗೆ ಬರೆಯೋ ಪತ್ರ. ಊರು ಬಿಟ್ಟು ಕೆಲಸಕ್ಕೆ ಹೋದ ಮಗನಿಗೆ ಅಪ್ಪ ಬರೆಯೋ ಪತ್ರ. ಅದರಲ್ಲಿ ಒಂದು ಜೋಡಿ ಪತ್ರ ಇದೆ. ಮನೆಕೆಲಸಕ್ಕೆ ಇರೋ ಮಗಳ ಮೇಲೆ ಯಜಮಾನ ಕೈ ಹಾಕೋಕೆ ನೋಡಿದ ಅಂತ ಸುದ್ದಿ ಕೇಳಿ ಅಪ್ಪ ಬರೆಯೋ ಪತ್ರ, ಅದಕ್ಕೆ ಮಗಳ ಉತ್ತರ. ಈ ಸನ್ನಿವೇಶ ರಿಚರ್ಡ್‌ಸನ್ ಅವರನ್ನು ಬಿಡಲೇ ಇಲ್ಲ. ಕೈಪಿಡಿಯನ್ನು ಅರ್ಧಕ್ಕೆ ಬಿಟ್ಟು, ಅದೇ ಎಳೆ ಹಿಡಿದು ಒಂದು ಇಡೀ ಕಾದಂಬರಿ ಬರೆದರು. 1740ರಲ್ಲಿ ಬಂದ ಆ ಕಾದಂಬರಿ 'ಪಮೇಲಾ'. ಇಂಗ್ಲಿಷ್ ಕಾದಂಬರಿಯ ಚರಿತ್ರೆಯಲ್ಲಿ ಅದಕ್ಕೆ ದೊಡ್ಡ ಜಾಗ ಇದೆ. 15 ವರ್ಷದ ಕೆಲಸದ ಹುಡುಗಿ ತನ್ನ ಅಪ್ಪ ಅಮ್ಮನಿಗೆ ಬರೆಯೋ ಪತ್ರಗಳ ರೂಪದಲ್ಲೇ ಕಥೆ ಸಾಗುತ್ತೆ.

ಇದನ್ನು ಯಾಕೆ ಹೇಳ್ತಿದ್ದೀನಿ ಅಂದ್ರೆ, ಪತ್ರ ಹೇಗೆ ಬರೀಬೇಕು ಅಂತ ಕಲಿಸೋಕೆ ಹೊರಟ ಮನುಷ್ಯನಿಗೆ ಮಧ್ಯದಲ್ಲಿ ಹೊಳೆದಿದ್ದು ಇದು: ಕೆಲಸದವಳಿಗೂ ಹೇಳೋಕೆ ಒಂದು ಮಾತಿದೆ, ಅವಳ ಪತ್ರವೂ ಓದೋಕೆ ಯೋಗ್ಯ. ಫುಲ್‌ವುಡ್‌ನ ದರ್ಬಾರಿನಲ್ಲಿ ಅವಳಿಗೆ ಬಾಗಿಲ ಹತ್ತಿರವೂ ಜಾಗ ಇರಲಿಲ್ಲ.

ಬಗ್ಗಿದ ಹಾಗೆ ಕಂಡು ಬೆನ್ನು ನೆಟ್ಟಗಿಟ್ಟವರು

ಈಗ 1755ಕ್ಕೆ ಬನ್ನಿ. ಸ್ಯಾಮ್ಯುಯೆಲ್ ಜಾನ್ಸನ್ ಇಂಗ್ಲಿಷಿನ ಆ ಪ್ರಸಿದ್ಧ ನಿಘಂಟನ್ನು ಮುಗಿಸೋ ಹಂತದಲ್ಲಿದ್ದರು. ಕೆಲಸ ಶುರು ಮಾಡುವಾಗ, 1747ರಲ್ಲಿ, ತಮ್ಮ ಯೋಜನೆಯನ್ನು ಲಾರ್ಡ್ ಚೆಸ್ಟರ್‌ಫೀಲ್ಡ್ ಅನ್ನೋ ದೊಡ್ಡ ಮನುಷ್ಯರಿಗೆ ಅರ್ಪಿಸಿದ್ದರು. ಆಶ್ರಯ ಸಿಗಬಹುದು ಅನ್ನೋ ಆಸೆ. ಹೊರಗಿನ ಕೋಣೆಯಲ್ಲಿ ಕಾದಿದ್ದೇ ಬಂತು. ವರ್ಷಗಟ್ಟಲೆ ಯಾರೂ ತಿರುಗಿ ನೋಡಲಿಲ್ಲ. ನಿಘಂಟು ಹೊರಬರುತ್ತೆ ಅಂತ ಗೊತ್ತಾದ ಮೇಲೆ ಚೆಸ್ಟರ್‌ಫೀಲ್ಡ್ ಪತ್ರಿಕೆಯಲ್ಲಿ ಎರಡು ಹೊಗಳಿಕೆ ಲೇಖನ ಬರೆದರು.

ಫೆಬ್ರವರಿ 7ರಂದು ಜಾನ್ಸನ್ ಒಂದು ಪತ್ರ ಬರೆದರು. ಅದರ ತಾತ್ಪರ್ಯ ಏನಪ್ಪಾ ಅಂದ್ರೆ: ನೀರಲ್ಲಿ ಮುಳುಗ್ತಾ ಒದ್ದಾಡೋನನ್ನು ದಡದಲ್ಲಿ ನಿಂತು ಸುಮ್ಮನೆ ನೋಡಿ, ಅವನು ಈಜಿ ದಡ ಸೇರಿದ ಮೇಲೆ ಸಹಾಯ ಮಾಡ್ತೀನಿ ಅಂತ ಮೈಮೇಲೆ ಬೀಳೋನನ್ನೇ ಆಶ್ರಯದಾತ ಅಂತಾರಾ ಸ್ವಾಮಿ? ಇಷ್ಟು ಖಾರವಾದ ಪತ್ರದ ಕೊನೆಯಲ್ಲಿ ಏನಿತ್ತು? "ಯುವರ್ ಲಾರ್ಡ್‌ಶಿಪ್ಸ್ ಮೋಸ್ಟ್ ಹಂಬಲ್, ಮೋಸ್ಟ್ ಒಬೀಡಿಯಂಟ್ ಸರ್ವೆಂಟ್". ಅತಿ ವಿನಮ್ರ, ಅತಿ ವಿಧೇಯ ಸೇವಕ!

ನಿಯಮ ಒಂದಕ್ಷರ ಮುರಿದಿಲ್ಲ. ಮರ್ಯಾದೆಗೆ ಕೊರತೆ ಇಲ್ಲ. ಹೇಳಬೇಕಾದ್ದನ್ನು ಮಾತ್ರ ಪೂರ್ತಿ ಹೇಳಿದ್ದಾರೆ. ಚೆಸ್ಟರ್‌ಫೀಲ್ಡ್ ಆ ಪತ್ರವನ್ನು ಮೇಜಿನ ಮೇಲೇ ಇಟ್ಟುಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದರಂತೆ, ಎಷ್ಟು ಚೆನ್ನಾಗಿ ಬರೆದಿದ್ದಾನೆ ನೋಡಿ ಅಂತ.

ಅಮೆರಿಕದಲ್ಲಿ ಇದು ಇನ್ನೂ ಮುಂದಕ್ಕೆ ಹೋಯ್ತು. 1804ರಲ್ಲಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಮತ್ತು ಆಗ ಉಪಾಧ್ಯಕ್ಷರಾಗಿದ್ದ ಆರನ್ ಬರ್ ನಡುವೆ ಜಗಳದ ಪತ್ರಗಳು ಓಡಾಡಿದವು. ಪ್ರತಿ ಪತ್ರದ ಕೊನೆಯಲ್ಲೂ ತಾನು "ವಿಧೇಯ ಸೇವಕ" ಅಂತ ಇವರೂ ಬರೆದರು, ಅವರೂ ಬರೆದರು. ಜುಲೈ 11ರಂದು ಇಬ್ಬರೂ ಪಿಸ್ತೂಲು ಹಿಡಿದು ಎದುರುಬದುರು ನಿಂತರು. ಮಾರನೇ ದಿನ ಹ್ಯಾಮಿಲ್ಟನ್ ತೀರಿಕೊಂಡರು. ವಿಧೇಯ ಸೇವಕನ ಕೈಯಲ್ಲಿ ವಿಧೇಯ ಸೇವಕನ ಸಾವು.

ಇಲ್ಲಿ ಒಂದು ವಿಷಯ ಗಮನಿಸಿ. ಹುಟ್ಟಿದ ಜಾಗದಲ್ಲಿ ಈ ಸಾಲು ಆ ಹೊತ್ತಿಗೆ ಸವೆದ ನಾಣ್ಯ ಆಗಿತ್ತು. ಅದರ ಅರ್ಥವನ್ನು ಯಾರೂ ಅಕ್ಷರಶಃ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಅದೇ ನಾಣ್ಯ ಹಡಗು ಹತ್ತಿ ನಮ್ಮ ಕಡೆ ಬಂದಾಗ ಅದಕ್ಕೆ ಮತ್ತೆ ಪೂರ್ತಿ ಬೆಲೆ ಬಂತು. ಹೇಗೆ ಅಂತ ನೋಡೋಣ.

ಪತ್ರದಲ್ಲೇ ನಡೆದ ಸರ್ಕಾರ

1600ರ ಡಿಸೆಂಬರ್ 31ರಂದು ಶುರುವಾದ ಈಸ್ಟ್ ಇಂಡಿಯಾ ಕಂಪನಿ ಒಂದು ರೀತಿಯಲ್ಲಿ ಪತ್ರಗಳ ಮೇಲೇ ನಿಂತ ಸಂಸ್ಥೆ. ಡೈರೆಕ್ಟರುಗಳು ಲಂಡನ್‌ನಲ್ಲಿ, ವ್ಯಾಪಾರ ಮದ್ರಾಸು, ಕಲ್ಕತ್ತೆ, ಬೊಂಬಾಯಿನಲ್ಲಿ. ಹಾಯಿಹಡಗಿನಲ್ಲಿ ಒಂದು ಪತ್ರ ಬರೋಕೆ ಸುಮಾರು ಆರು ತಿಂಗಳು, ಉತ್ತರ ಹೋಗೋಕೆ ಇನ್ನಾರು ತಿಂಗಳು. ಹಾಗಾಗಿ ಗೊಂದಲ ಆಗಬಾರದು ಅಂತ ಪ್ರತಿ ಪ್ಯಾರಾಕ್ಕೂ ನಂಬರ್ ಹಾಕುತ್ತಿದ್ದರು, ಉತ್ತರ ಬರೆಯೋರು ಪ್ಯಾರಾ ಪ್ಯಾರಾ ಹಿಡಿದು ಉತ್ತರಿಸುತ್ತಿದ್ದರು. ಇವತ್ತಿಗೂ ನಮ್ಮ ಸರ್ಕಾರಿ ಪತ್ರಗಳಲ್ಲಿ ಪ್ಯಾರಾಕ್ಕೆ ನಂಬರ್ ಇರೋದನ್ನು ನೋಡಿದ್ದೀರಲ್ವಾ?

ಕಂಪನಿಯಲ್ಲಿ ಕೆಲಸಕ್ಕೆ ಸೇರೋ ಹುಡುಗರ ಮೊದಲ ಹುದ್ದೆಯ ಹೆಸರೇ 'ರೈಟರ್'. ಬರೆಯೋನು ಅಂತಲೇ ಅರ್ಥ. ಕಲ್ಕತ್ತೆಯ ರೈಟರ್ಸ್ ಬಿಲ್ಡಿಂಗ್ ಅನ್ನೋ ಹೆಸರು ಬಂದಿದ್ದು ಅವರಿಂದ. ಲಂಡನ್ ಕಡೆ, ತತ್ವಜ್ಞಾನಿ ಅಂತ ನಾವು ಓದೋ ಜಾನ್ ಸ್ಟುವರ್ಟ್ ಮಿಲ್ ಕೂಡ 1823ರಿಂದ 1858ರವರೆಗೆ ಕಂಪನಿಯ ಕಚೇರಿಯಲ್ಲಿ ಕೂತು ಭಾರತಕ್ಕೆ ಹೋಗೋ ಪತ್ರಗಳ ಕರಡು ಬರೀತಿದ್ದರು. ಡೈರೆಕ್ಟರುಗಳ ಪತ್ರದ ಕೊನೆಯಲ್ಲಿ ಒಕ್ಕಣೆ ಏನಿರುತ್ತಿತ್ತು ಗೊತ್ತಾ? "ಯುವರ್ ಲವಿಂಗ್ ಫ್ರೆಂಡ್ಸ್". ಯುದ್ಧದ ಆದೇಶ ಇರಲಿ, ಛೀಮಾರಿ ಇರಲಿ, ಕೆಳಗೆ ಪ್ರೀತಿಯ ಗೆಳೆಯರು!

ಅವರವರ ಮಧ್ಯೆ ಗೆಳೆಯರು ಸರಿ. ಆದರೆ ಅವರ ಕಚೇರಿಗೆ ನಾವು ಬರೆಯುವಾಗ? ಆಗ ನಾವು ಫುಲ್‌ವುಡ್‌ನ ಕಾಗದದ ಕೆಳಗಿನ ಬಲಮೂಲೆಗೆ ಹೋಗಬೇಕು. "ಐ ಬೆಗ್ ಟು ಸ್ಟೇಟ್", ಬೇಡಿಕೊಂಡು ಹೇಳ್ತೀನಿ. "ಐ ಹ್ಯಾವ್ ದಿ ಆನರ್ ಟು ಬಿ, ಸರ್, ಯುವರ್ ಮೋಸ್ಟ್ ಒಬೀಡಿಯಂಟ್ ಸರ್ವೆಂಟ್". 1835ರಲ್ಲಿ ಮೆಕಾಲೆಯ ಟಿಪ್ಪಣಿಯ ನಂತರ ಸರ್ಕಾರದ ಶಿಕ್ಷಣದ ಹಣ ಇಂಗ್ಲಿಷ್ ಕಡೆ ತಿರುಗಿತು. ಕಚೇರಿ ಕೆಲಸ ಬೇಕು ಅಂದ್ರೆ ಇಂಗ್ಲಿಷ್ ಅರ್ಜಿ ಬೇಕು. 1854ರ ಅಕ್ಟೋಬರ್‌ನಲ್ಲಿ ಅಂಚೆಚೀಟಿ ಬಂತು. ಕಾಲು ತೊಲ ತೂಕದ ಪತ್ರ ಕಂಪನಿ ಆಡಳಿತದ ಯಾವ ಊರಿಗೆ ಹೋದರೂ ಅರ್ಧ ಆಣೆ. 1879ರಲ್ಲಿ ಕಾಲಾಣೆ ಪೋಸ್ಟ್‌ಕಾರ್ಡ್. ನಮ್ಮ ಮೈಸೂರು ಸೀಮೆಯಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಿಂದ ಬಂದ ಸ್ವಂತ ಅಂಚೆ ವ್ಯವಸ್ಥೆ ಇತ್ತು, ಅದು 1889ರಲ್ಲಿ ಬ್ರಿಟಿಷ್ ಅಂಚೆಯಲ್ಲಿ ಸೇರಿಹೋಯಿತು. ಪತ್ರ ಅಗ್ಗ ಆಯ್ತು, ಅರ್ಜಿ ಹೆಚ್ಚಾಯ್ತು. ಮಾದರಿ ನೋಡಿ ಬರೆಯೋ ಪುಸ್ತಕಗಳಿಗೂ ಸುಗ್ಗಿ.

ನಮ್ಮಲ್ಲಿ ಪತ್ರದ ಪದ್ಧತಿ ಇರಲಿಲ್ಲ ಅಂತಲ್ಲ. ಅಜ್ಜ ಅಜ್ಜಿಯ ಹಳೇ ಟ್ರಂಕಿನಲ್ಲಿ ಪತ್ರ ಸಿಕ್ಕರೆ ನೋಡಿ. ಮೇಲೆ "ಶ್ರೀ". ಆಮೇಲೆ "ತೀರ್ಥರೂಪರವರಿಗೆ ಸಾಷ್ಟಾಂಗ ನಮಸ್ಕಾರಗಳು". "ಉಭಯ ಕುಶಲೋಪರಿ ಸಾಂಪ್ರತ". ಅಂದ್ರೆ ಈ ಕಡೆ ಕ್ಷೇಮ, ಆ ಕಡೆಯ ಕ್ಷೇಮಕ್ಕೆ ಪತ್ರ ಬರೀರಿ, ಈಗ ವಿಷಯಕ್ಕೆ ಬರೋಣ. ತಮಾಷೆ ಏನು ಗೊತ್ತಾ? ಎರಡು ಸಾವಿರ ವರ್ಷದ ಹಿಂದೆ ರೋಮನ್ನರೂ ಹೀಗೇ ಶುರು ಮಾಡುತ್ತಿದ್ದರು. ನೀನು ಕ್ಷೇಮವಾದರೆ ಒಳ್ಳೇದು, ನಾನು ಕ್ಷೇಮ ಅನ್ನೋ ಲ್ಯಾಟಿನ್ ವಾಕ್ಯ. ಎಷ್ಟು ಮಾಮೂಲಿ ಅಂದ್ರೆ ಬರೀ ಮೊದಲಕ್ಷರಗಳನ್ನು ಬರೆದು ಬಿಡುತ್ತಿದ್ದರು. ನಾವು ಮೇಲ್‌ನಲ್ಲಿ "ಹೋಪ್ ದಿಸ್ ಫೈಂಡ್ಸ್ ಯು ವೆಲ್" ಅಂತ ಹಾಕ್ತೀವಲ್ಲ, ಅದು ಇದೇ ಮನೆತನದ್ದು.

ನಮ್ಮ ಪದ್ಧತಿಯಲ್ಲೂ ಮೆಟ್ಟಿಲುಗಳಿದ್ದವು. ಹಿರಿಯರಿಗೆ ಸಾಷ್ಟಾಂಗ, ಕಿರಿಯರಿಗೆ "ಚಿರಂಜೀವಿ". ಆದರೆ ಆ ಮೆಟ್ಟಿಲು ನಮ್ಮ ಮನೆಯದು, ಅದರ ಅರ್ಥ ನಮಗೆ ಗೊತ್ತಿತ್ತು. ಇಂಗ್ಲಿಷ್ ಅರ್ಜಿಯ ಮೆಟ್ಟಿಲು ಬೇರೆಯವರ ಮನೆಯದು. ಎಷ್ಟು ಬಗ್ಗಿದರೆ ಸಾಕು ಅಂತ ಗೊತ್ತಿಲ್ಲದ ಕಾರಣ ಜನ ಇನ್ನೂ ಸ್ವಲ್ಪ ಜಾಸ್ತಿಯೇ ಬಗ್ಗಿದರು.

ಬಗ್ಗಿಸಿದವರು ಏನು ಮಾಡಿದರು? ನಕ್ಕರು. 1891ರಲ್ಲಿ ಅರ್ನಾಲ್ಡ್ ರೈಟ್ ಅನ್ನೋರು ಭಾರತೀಯರ ಇಂಗ್ಲಿಷನ್ನು ಲೇವಡಿ ಮಾಡೋಕೇ 'ಬಾಬೂ ಇಂಗ್ಲಿಷ್' ಅನ್ನೋ ಹೆಸರಲ್ಲಿ ಒಂದು ಪುಸ್ತಕ ತಂದರು. 1897ರಲ್ಲಿ ಎಫ್. ಆನ್ಸ್ಟಿ ಅನ್ನೋ ಲೇಖಕ 'ಬಾಬೂ ಜಬ್ಬರ್ಜಿ, ಬಿ.ಎ.' ಅಂತ ಒಂದು ಹಾಸ್ಯಪಾತ್ರವನ್ನೇ ಪುಸ್ತಕ ಮಾಡಿದರು. ಅಲಂಕಾರ ಜಾಸ್ತಿ, ವಿನಯ ಜಾಸ್ತಿ, ವ್ಯಾಕರಣ ಕಮ್ಮಿ ಅಂತ ಗೇಲಿ. ಆ ಅಲಂಕಾರ, ಆ ವಿನಯ ಯಾರ ಪುಸ್ತಕದಿಂದ ಕಲಿತದ್ದು ಅನ್ನೋದನ್ನು ಮಾತ್ರ ನಗುವಾಗ ಮರೆತರು. ಇಂಗ್ಲಿಷ್‌ನಲ್ಲಿ ಒಂದು ಮೇಲ್ ಕಳಿಸೋಕೆ ಮುಂಚೆ ನಾಲ್ಕು ಸಲ ಅಳಿಸಿ ಬರೆಯೋ ಭಯ ಇದೆಯಲ್ಲ, ಅದಕ್ಕೂ ಇಷ್ಟು ವಯಸ್ಸಾಗಿದೆ.

ಮೂರು ಪತ್ರಗಳು

ಈಗ ಈ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ. ಇದೇ ಪತ್ರದ ನಮೂನೆಯನ್ನು ಹಿಡಿದು ಮೂವರು ಭಾರತೀಯರು ಏನು ಮಾಡಿದರು ನೋಡಿ.

ಮೊದಲನೆಯದು 1919. ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡದ ನಂತರ, ಮೇ ಕೊನೆಯಲ್ಲಿ, ರವೀಂದ್ರನಾಥ ಠಾಕೂರರು ವೈಸ್‌ರಾಯ್ ಚೆಮ್ಸ್‌ಫರ್ಡ್‌ಗೆ ಬರೆದರು. 1915ರಲ್ಲಿ ಕೊಟ್ಟಿದ್ದ ನೈಟ್ ಪದವಿಯಿಂದ ನನ್ನನ್ನು ಬಿಡುಗಡೆ ಮಾಡಿ ಅನ್ನೋ ಪತ್ರ. ಮೇಲೆ "ಯುವರ್ ಎಕ್ಸಲೆನ್ಸಿ", ಕೆಳಗೆ "ಯುವರ್ಸ್ ಫೇತ್‌ಫುಲಿ". ಚೌಕಟ್ಟು ಪೂರ್ತಿ ಸರಿಯಾಗಿದೆ, ಒಳಗಿರೋದು ನಿರಾಕರಣೆ.

ಎರಡನೆಯದು 1921ರ ಏಪ್ರಿಲ್ 22. ಕೇಂಬ್ರಿಡ್ಜ್‌ನಲ್ಲಿ ಓದುತ್ತಿದ್ದ 24 ವರ್ಷದ ಹುಡುಗ ಒಬ್ಬ, ಲಂಡನ್‌ನಲ್ಲಿ ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಮಂತ್ರಿ ಎಡ್ವಿನ್ ಮಾಂಟೆಗುಗೆ ಬರೀತಾನೆ. ಐ.ಸಿ.ಎಸ್. ಪರೀಕ್ಷೆಯಲ್ಲಿ ನಾಲ್ಕನೇ ಸ್ಥಾನ ಬಂದಿದೆ. ಆ ಕಾಲಕ್ಕೆ ಅದಕ್ಕಿಂತ ದೊಡ್ಡ ನೌಕರಿ ಭಾರತೀಯನಿಗಿಲ್ಲ. ಪತ್ರದಲ್ಲಿ ಇರೋದು ಇಷ್ಟೇ: ಪ್ರೊಬೇಷನರುಗಳ ಪಟ್ಟಿಯಿಂದ ನನ್ನ ಹೆಸರು ತೆಗೆಯಬೇಕು ಅಂತ ಬಯಸುತ್ತೇನೆ. 1920ರ ಆಗಸ್ಟ್‌ನ ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಆಯ್ಕೆಯಾದವನು ನಾನು. ಇದುವರೆಗೆ 100 ಪೌಂಡ್ ಭತ್ಯೆ ಪಡೆದಿದ್ದೇನೆ. ರಾಜೀನಾಮೆ ಒಪ್ಪಿದ ಕೂಡಲೇ ಆ ಹಣ ಹಿಂದಿರುಗಿಸುತ್ತೇನೆ. ಕೆಳಗೆ "ಯುವರ್ ಮೋಸ್ಟ್ ಒಬೀಡಿಯಂಟ್ ಸರ್ವೆಂಟ್". ಅದರ ಕೆಳಗೆ ಸಹಿ: ಸುಭಾಷ್ ಚಂದ್ರ ಬೋಸ್.

ನಿಮ್ಮ ಸೇವೆ ನನಗೆ ಬೇಡ ಅಂತ ಹೇಳೋ ಪತ್ರದ ಕೆಳಗೆ, ನಿಮ್ಮ ಅತಿ ವಿಧೇಯ ಸೇವಕ! ಇದರಲ್ಲಿ ಕಾರಣ ಇಲ್ಲ, ದೇಶಭಕ್ತಿಯ ಭಾಷಣ ಇಲ್ಲ, ಕ್ಷಮೆ ಕೇಳೋದು ಇಲ್ಲ. ಹಾಗಾದ್ರೆ ಒಳಗೆ ತಳಮಳ ಇರಲಿಲ್ವಾ? ಇತ್ತು. ತಿಂಗಳುಗಟ್ಟಲೆ ತಮ್ಮ ಅಣ್ಣ ಶರತ್‌ಗೆ ಬರೆದ ಪತ್ರಗಳಲ್ಲಿ ಅದೆಲ್ಲ ಇದೆ: ಮನೆಯವರಿಗೆ ಆಗೋ ನೋವು, ಮುಂದಿನ ದಾರಿ, ಮನಸ್ಸಿನ ಎಳೆದಾಟ. ಖಾಸಗಿ ಪತ್ರಕ್ಕೂ ವ್ಯವಹಾರದ ಪತ್ರಕ್ಕೂ ಏನು ವ್ಯತ್ಯಾಸ ಅಂತ ಇದಕ್ಕಿಂತ ಚೆನ್ನಾಗಿ ಯಾವ ಪಠ್ಯಪುಸ್ತಕವೂ ಕಲಿಸಲ್ಲ. ಅಣ್ಣನಿಗೆ ಮನಸ್ಸು ಬಿಚ್ಚಿ ಬರೆದರು. ಮಂತ್ರಿಗೆ ಲೆಕ್ಕ ಬರೆದರು.

ಮೂರನೆಯದು 1930ರ ಮಾರ್ಚ್ 2. ದಂಡಿ ಯಾತ್ರೆಗೆ ಹತ್ತು ದಿನ ಮುಂಚೆ ಗಾಂಧೀಜಿ ವೈಸ್‌ರಾಯ್ ಇರ್ವಿನ್‌ಗೆ ಬರೆದ ಪತ್ರ. ರೆಜಿನಾಲ್ಡ್ ರೆನಾಲ್ಡ್ಸ್ ಅನ್ನೋ ಇಂಗ್ಲಿಷ್ ಯುವಕನ ಕೈಯಲ್ಲೇ ಅದನ್ನು ಕಳಿಸಿದರು. ಶುರು ಹೇಗೆ? "ಡಿಯರ್ ಫ್ರೆಂಡ್". ಕೊನೆ? "ಯುವರ್ ಸಿನ್ಸಿಯರ್ ಫ್ರೆಂಡ್". ಠಾಕೂರರೂ ಬೋಸರೂ ಚೌಕಟ್ಟು ಉಳಿಸಿಕೊಂಡು ಒಳಗಿನದ್ದನ್ನು ಬದಲಿಸಿದರು. ಗಾಂಧೀಜಿ ಚೌಕಟ್ಟನ್ನೇ ಬದಲಿಸಿದರು. ಫುಲ್‌ವುಡ್‌ನ ಮಾತಲ್ಲಿ ಹೇಳೋದಾದರೆ, ಕಾಗದದ ಬಲಮೂಲೆಯಿಂದ ಎದ್ದು ಬಂದು ನಟ್ಟನಡುವೆ ಕೂತರು.

ಕಾಮರ್ಸ್ ಓದಿದವನ ಕಣ್ಣಿಗೆ ಆ ಪತ್ರದಲ್ಲಿ ಮೊದಲು ಬೀಳೋದು ಅಂಕಿಗಳು. ನಿಮ್ಮ ಸಂಬಳ ತಿಂಗಳಿಗೆ 21,000 ರೂಪಾಯಿ, ಅಂದ್ರೆ ದಿನಕ್ಕೆ 700 ರೂಪಾಯಿಗೂ ಜಾಸ್ತಿ. ಭಾರತೀಯನ ಸರಾಸರಿ ಆದಾಯ ದಿನಕ್ಕೆ ಎರಡಾಣೆಗೂ ಕಮ್ಮಿ. ಗೆಳೆಯ ಅಂತ ಕರೆದು ಗೆಳೆಯನ ಸಂಬಳದ ಲೆಕ್ಕ ಮುಂದಿಟ್ಟರು. ಏನು ಬೇಕು, ಕೊಡದಿದ್ದರೆ ಏನು ಮಾಡ್ತೀನಿ, ಯಾವ ದಿನದ ಒಳಗೆ, ಎಲ್ಲಾ ಇದೆ. ಕೂಗಾಟ ಮಾತ್ರ ಇಲ್ಲ. ವೈಸ್‌ರಾಯ್ ತಾವೇ ಉತ್ತರ ಬರೆಯಲಿಲ್ಲ, ಕಾರ್ಯದರ್ಶಿಯ ಕೈಯಲ್ಲಿ ನಾಲ್ಕು ಸಾಲು ಬರೆಸಿದರು. ಆ ನಾಲ್ಕು ಸಾಲು ಈಗ ಯಾರಿಗೂ ನೆನಪಿಲ್ಲ.

ಅವರು ಬಿಟ್ಟರು, ನಾವು ಇಟ್ಟುಕೊಂಡೆವು

ಇನ್ನು ವ್ಯಾಪಾರದ ಪತ್ರಕ್ಕೆ ಬರೋಣ. 1780ರಲ್ಲಿ ಜೇಮ್ಸ್ ವಾಟ್, ಅದೇ ಉಗಿ ಎಂಜಿನ್ನಿನ ವಾಟ್, ಪತ್ರದ ನಕಲು ತೆಗೆಯೋ ಒಂದು ಪ್ರೆಸ್ಸಿಗೆ ಪೇಟೆಂಟ್ ತೆಗೆದುಕೊಂಡರು. 1806ರಲ್ಲಿ ರಾಲ್ಫ್ ವೆಜ್‌ವುಡ್ ಕಾರ್ಬನ್ ಪೇಪರಿಗೆ ಪೇಟೆಂಟ್ ತೆಗೆದುಕೊಂಡರು. ನಿಮ್ಮ ಜಿಮೇಲ್‌ನಲ್ಲಿ ಇರೋ ಸಿ.ಸಿ. ಅಂದ್ರೆ ಕಾರ್ಬನ್ ಕಾಪಿ, ಕಾರ್ಬನ್ ಮುಟ್ಟಿಯೇ ನೋಡದ ನಾವು ದಿನಾ ಒತ್ತೋ ಅಕ್ಷರ. ಸಬ್ಜೆಕ್ಟ್ ಸಾಲಿನ "ರಿ" ಅನ್ನೋದು ರಿಪ್ಲೈ ಅನ್ನೋದರ ಚುಟುಕು ಅಂತ ನಾವು ಅಂದುಕೊಂಡಿರ್ತೀವಿ. ಅದು ಲ್ಯಾಟಿನ್ ಪದ, 'ವಿಷಯದಲ್ಲಿ' ಅಂತ ಅರ್ಥ. ಹಳೇ ವ್ಯಾಪಾರಿ ಪತ್ರದಲ್ಲಿ ಈ ತಿಂಗಳಿಗೆ 'ಇನ್‌ಸ್ಟಂಟ್', ಹೋದ ತಿಂಗಳಿಗೆ 'ಅಲ್ಟಿಮೊ', ಬರೋ ತಿಂಗಳಿಗೆ 'ಪ್ರಾಕ್ಸಿಮೊ' ಅನ್ನುತ್ತಿದ್ದರು. ಅಂಗಡಿ ಬಿಲ್ಲಿನ ಮೂಲೆಯಲ್ಲಿ ಈಗಲೂ "ಇ. ಆ್ಯಂಡ್ ಒ.ಇ." ಅಂತ ಇರುತ್ತೆ. ತಪ್ಪು, ಬಿಟ್ಟುಹೋದದ್ದು ಇದ್ದರೆ ತಿದ್ದೋ ಹಕ್ಕು ನಮ್ಮದು ಅನ್ನೋದರ ಚುಟುಕು.

ಇಂಗ್ಲೆಂಡು ಈ ಭಾರವನ್ನು ನಿಧಾನಕ್ಕೆ ಇಳಿಸಿತು. 1940ರ ಆಗಸ್ಟ್ 9ರಂದು, ನೆತ್ತಿ ಮೇಲೆ ಬಾಂಬರುಗಳು ಹಾರಾಡೋ ಹೊತ್ತಿನಲ್ಲಿ, ಪ್ರಧಾನಿ ಚರ್ಚಿಲ್ ಕಚೇರಿಗಳಿಗೆ ಒಂದು ಟಿಪ್ಪಣಿ ಕಳಿಸಿದರು. ವಿಷಯ: ಸಂಕ್ಷಿಪ್ತತೆ. ಉದ್ದುದ್ದ ವರದಿ ಬೇಡ, ಚಿಕ್ಕ ಪ್ಯಾರಾ ಸಾಕು, ಉಪಚಾರದ ಹೊಟ್ಟು ತೆಗೆಯಿರಿ ಅಂತ. 1948ರಲ್ಲಿ ಅಲ್ಲಿನ ಖಜಾನೆ ಇಲಾಖೆ ಕೇಳಿದ್ದಕ್ಕೆ ಸರ್ ಅರ್ನೆಸ್ಟ್ ಗವರ್ಸ್ 'ಪ್ಲೇನ್ ವರ್ಡ್ಸ್' ಅನ್ನೋ ಪುಸ್ತಕ ಬರೆದರು, ಸರ್ಕಾರಿ ನೌಕರರು ಜನರಿಗೆ ಅರ್ಥವಾಗೋ ಹಾಗೆ ಬರೆಯೋದು ಹೇಗೆ ಅಂತ.

"ಡು ದಿ ನೀಡ್‌ಫುಲ್" ಕೂಡ ಒಂದು ಕಾಲದ ಬ್ರಿಟಿಷ್ ಕಚೇರಿ ಇಂಗ್ಲಿಷೇ. ಅವರು ಅದನ್ನು ಬಿಟ್ಟರು. ಈಗ ನಾವು ಬಳಸಿದರೆ ಇಂಡಿಯನ್ ಇಂಗ್ಲಿಷ್ ಅಂತ ಮುಗುಳ್ನಗ್ತಾರೆ. ಅದರಲ್ಲಿ ನಾಚಿಕೆ ಪಡೋದು ಏನೂ ಇಲ್ಲ. ಆದರೆ ಅದರಲ್ಲಿ ಒಂದು ತೊಂದರೆ ಇದೆ. ಏನು ಮಾಡಬೇಕು ಅಂತ ಹೇಳದೇ ಬೇಕಾದ್ದು ಮಾಡಿ ಅನ್ನುತ್ತೆ. ಓದಿದವರು ಏನೂ ಮಾಡದೇ ಇರೋಕೆ ಅದಕ್ಕಿಂತ ಅನುಕೂಲ ಇನ್ನೊಂದಿಲ್ಲ.

ಹಾಗಾದ್ರೆ ನಾವು ಹೇಗೆ ಬರೆಯೋಣ?

ಬೆಂಗಳೂರಿನಲ್ಲಿ ಬಾಡಿಗೆ ಮನೆ ಬಿಟ್ಟವರಿಗೆ ಈ ಸನ್ನಿವೇಶ ಗೊತ್ತಿರುತ್ತೆ. ಅಡ್ವಾನ್ಸ್ ವಾಪಸ್ ಬಂದಿಲ್ಲ. ಫೋನ್ ತೆಗೀತಿಲ್ಲ. ಈಗ ಮೇಲ್ ಹಾಕಬೇಕು. ನಮ್ಮ ಕೈ ತಾನಾಗೇ "ರೆಸ್ಪೆಕ್ಟೆಡ್ ಸರ್, ಐ ಹಂಬ್ಲಿ ರಿಕ್ವೆಸ್ಟ್ ಯುವರ್ ಗುಡ್ ಸೆಲ್ಫ್" ಅಂತ ಶುರು ಮಾಡುತ್ತೆ. ನಿಲ್ಲಿಸಿ. ಬೋಸರ ಪತ್ರ ನೆನಪು ಮಾಡಿಕೊಳ್ಳಿ. ಅದರಲ್ಲಿ ನಾಲ್ಕೇ ವಿಷಯ: ಏನು ಬೇಕು, ನಾನು ಯಾರು, ಲೆಕ್ಕ ಎಷ್ಟು, ಮುಂದೇನು.

ಮೊದಲ ಸಾಲಿನಲ್ಲೇ ಏನು ಬೇಕು ಅಂತ ಬರೀರಿ: ನನ್ನ ಅಡ್ವಾನ್ಸ್ ಹಣ ಹಿಂದಿರುಗಿಸಬೇಕು. ಎರಡನೇದು, ಗುರುತು: ಯಾವ ಮನೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಇದ್ದೆ, ಕರಾರು ಪತ್ರದ ದಿನಾಂಕ ಏನು. ಮೂರನೇದು, ಲೆಕ್ಕ: ಕೊಟ್ಟಿದ್ದು ಎಷ್ಟು, ಬಣ್ಣ ಸುಣ್ಣಕ್ಕೆ ಕರಾರಿನ ಪ್ರಕಾರ ಕಳೆಯೋದು ಎಷ್ಟು, ಬರಬೇಕಾದ್ದು ಎಷ್ಟು. ನಾಲ್ಕನೇದು, ಮುಂದೇನು: ಇಂಥ ತಾರೀಖಿನ ಒಳಗೆ ಈ ಖಾತೆಗೆ ಹಾಕಿ, ಇಲ್ಲದಿದ್ದರೆ ನಾನು ಇಂಥ ಕ್ರಮ ತೆಗೆದುಕೊಳ್ತೀನಿ. ಬೇಡಿಕೊಳ್ಳೋದು ಬೇಡ, ಬೈಯೋದೂ ಬೇಡ. ಬೈದ ಪತ್ರ ನಾಳೆ ನಿಮ್ಮ ವಿರುದ್ಧವೇ ಸಾಕ್ಷಿ ಆಗಬಹುದು. ಲೆಕ್ಕ ಇರೋ ಪತ್ರ ನಿಮ್ಮ ಪರ ಸಾಕ್ಷಿ.

ಕೊನೆಯ ಒಕ್ಕಣೆಗೆ ಸುಲಭ ಸೂತ್ರ: ಹೆಸರು ಗೊತ್ತಿಲ್ಲದೆ "ಡಿಯರ್ ಸರ್" ಅಥವಾ "ಡಿಯರ್ ಮೇಡಂ" ಅಂದಿದ್ದರೆ ಯುವರ್ಸ್ ಫೇತ್‌ಫುಲಿ, ಹೆಸರು ಹಿಡಿದು ಬರೆದಿದ್ದರೆ ಯುವರ್ಸ್ ಸಿನ್ಸಿಯರ್ಲಿ. ಸರ್ಕಾರದ ಅಧಿಕಾರಿಗಳೂ ತಮ್ಮ ತಮ್ಮಲ್ಲಿ ಬರೆಯುವಾಗ ಹೀಗೇ ಮಾಡ್ತಾರೆ. ಮಾಮೂಲಿ ಪತ್ರಕ್ಕೆ ಫೇತ್‌ಫುಲಿ, ಹೆಸರು ಹಿಡಿದು ಬರೆಯೋ ಡಿ.ಒ. ಪತ್ರಕ್ಕೆ ಸಿನ್ಸಿಯರ್ಲಿ. ಅಲ್ಲಿ ಒಬೀಡಿಯಂಟ್ಲಿ ಇಲ್ಲ. ಇನ್ನೊಂದು ಮಾತು, ರಾಜ್ಯ ಸರ್ಕಾರದ ಕಚೇರಿಗೆ ಬರೆಯೋಕೆ ಇಂಗ್ಲಿಷೇ ಬೇಕು ಅಂತಿಲ್ಲ. 1963ರ ಕಾಯ್ದೆಯ ಪ್ರಕಾರ ಕನ್ನಡವೇ ಇಲ್ಲಿನ ಆಡಳಿತ ಭಾಷೆ. ಲೆಕ್ಕ ಕನ್ನಡದಲ್ಲಿದ್ದರೂ ಲೆಕ್ಕವೇ.

ಖಾಸಗಿ ಪತ್ರಕ್ಕೆ ಮಾತ್ರ ಈ ಸೂತ್ರ ಯಾವುದೂ ಬೇಡ. ಅಲ್ಲಿ ಬೇಕಾದಷ್ಟು ಸುತ್ತಾಡಿ, ಕ್ಷೇಮ ಕೇಳಿ, ಮಳೆ ಬಂತಾ ಅಂತ ಕೇಳಿ. ಶರತ್‌ಗೆ ಬರೆದ ಹಾಗೆ ಬರೀರಿ.

ಮರ್ಯಾದೆ ಕೊಡೋದು ಒಳ್ಳೇದು. ಅದು ನಮ್ಮ ಭಾಷೆಯಲ್ಲಿ ಮೊದಲಿಂದ ಇದೆ, "ರಿ" ಅನ್ನೋ ಒಂದಕ್ಷರದಲ್ಲೇ ಇದೆ. ಆದರೆ ನಮ್ಮ ಹಕ್ಕಿನ ದುಡ್ಡು, ನಮ್ಮ ಪಾಲಿನ ರಜೆ, ನಮ್ಮ ಮಾರ್ಕ್ಸ್ ಕಾರ್ಡು ಕೇಳೋಕೆ ಸೇವಕರಾಗೋದು ಬೇಕಾಗಿಲ್ಲ.

ಈ ವಾರ ನೀವು ಯಾರಿಗಾದರೂ ಒಂದು ಮೇಲ್ ಕಳಿಸಬೇಕಿದ್ದರೆ, ಕಳಿಸೋ ಮುಂಚೆ ಒಂದು ಸಲ ಓದಿ. ಏನು ಬೇಕು ಅನ್ನೋದು ಎಷ್ಟನೇ ಸಾಲಿನಲ್ಲಿ ಬಂತು ಅಂತ ಎಣಿಸಿ. ಐದನೇ ಸಾಲಿನಲ್ಲಿದ್ದರೆ ಎತ್ತಿ ಒಂದನೇ ಸಾಲಿಗೆ ತನ್ನಿ. ಅಷ್ಟು ಸಾಕು.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಲ್ಲಿವರೆಗೆ, ಇಂತಿ ನಿಮ್ಮ ವಿಶ್ವಾಸಿ.